ಐದು ಸಲ, ಹೊಟ್ಟೆ ತುಂಬ

ನಲವತ್ತು ವರ್ಷದಿಂದ ನನ್ನ ಕೈಗೆ ಮೀನಿನ ವಾಸನೆ ಅಂಟಿಕೊಂಡಿದೆ. ಮೀನು ಅರೆದು, ಸಾಬಕ್ಕಿ ಹಿಟ್ಟು ಕಲಸಿ, ಉದ್ದುದ್ದ ಹೊಸೆದು ಬೇಯಿಸಿದರೆ ಕೆರೊಪೊಕ್. ತೆಲುಕ್ ಬಿದಾರಾ ಎಂಬ ಕಡಲೂರಿನ ಬಸ್ ನಿಲ್ದಾಣದ ಎದುರು ಅದನ್ನು ಮಾರಿಯೇ ನಾನು ಬದುಕಿದವಳು. ಊರಿನ ಮಕ್ಕಳಿಗೆಲ್ಲ ನಾನು ಮಾಕ್ ಸು, ಎಲ್ಲರ ಚಿಕ್ಕಮ್ಮ. ಮೀನಿನ ವಾಸನೆ ಕಂಡರೆ ನನಗೆ ಅಸಹ್ಯವಿಲ್ಲ. ಅದು ಸತ್ತ ಮೇಲೆ ನಾರುತ್ತದೆ, ಅದರ ತಪ್ಪೇನು? ಬದುಕಿರುವಾಗಲೇ ನಾರುವ ಮನುಷ್ಯರನ್ನು ಕಂಡರೆ ಮಾತ್ರ ನನಗಾಗದು. ಈ ಕಥೆಯಲ್ಲಿ ಅಂಥವರು ಇಬ್ಬರಿದ್ದಾರೆ.

ಕಥೆ ಸಲ್ಬಿಯಾಳದು. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಹಿಟ್ಟು ನಾದಿದವಳು. ಮಾತು ಕಡಿಮೆ, ಹಟ ಜಾಸ್ತಿ. ಗಂಡ ರುಸ್ದಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಾನೆ, ಕೈ ತುಂಬ ಎಣ್ಣೆ, ಬಾಯಲ್ಲಿ ಕೆಟ್ಟ ಮಾತಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಲಿಲ್ಲ. ಕೊನೆಗೆ ಒಂದು ಮಗುವನ್ನು ತಂದು ಸಾಕುವುದೆಂದು ಇಬ್ಬರೂ ತೀರ್ಮಾನಿಸಿ ಸರ್ಕಾರಿ ಕಚೇರಿಯಲ್ಲಿ ಹೆಸರು ಬರೆಸಿದರು.

ಸಾಕುವುದೊಂದೇ ಆದರೆ ಸುಲಭವಿತ್ತು. ನಮ್ಮ ಮುಸ್ಲಿಮರಲ್ಲಿ ಸಾಕಿದ ಗಂಡುಮಗ ದೊಡ್ಡವನಾದ ಮೇಲೆ ಪರಗಂಡಸು. ಅವನೆದುರು ತಲೆ ಮುಚ್ಚಬೇಕು, ಅವನ ಕೈ ಮುಟ್ಟುವಂತಿಲ್ಲ. ಆದರೆ ಅವನಿಗೆ ಎರಡು ವರ್ಷ ತುಂಬುವ ಮೊದಲು ಐದು ಸಲ, ಹೊಟ್ಟೆ ತುಂಬ, ಎದೆಹಾಲು ಕೊಟ್ಟರೆ ಅವನು ಹಾಲುಮಗ. ಆಮೇಲೆ ಸಾಯುವ ತನಕ ಪರದೆಯ ಹಂಗಿಲ್ಲ. ಒಡಹುಟ್ಟಿದ ಅಕ್ಕತಂಗಿ ಕೊಟ್ಟರೂ ನಡೆಯುತ್ತದೆ, ಆದರೆ ಸಲ್ಬಿಯಾ ಒಬ್ಬಳೇ ಮಗಳು. ಗಂಡನ ಅಕ್ಕನ ಹಾಲು ಅವಳ ಪಾಲಿಗೆ ಉಪಯೋಗವಿಲ್ಲ. ಹಾಗಾಗಿ ಎಂದೂ ಹೆರದ ಅವಳ ಎದೆಯಲ್ಲೇ ಹಾಲು ಬರಬೇಕಿತ್ತು.

ಹಾಲು ಬಂದೇ ಬರುತ್ತದೆ ಅಂದಳಂತೆ ಪೇಟೆಯ ಆಸ್ಪತ್ರೆಯ ನರ್ಸು. ದಿನಕ್ಕೆ ಮೂರು ಹೊತ್ತು ಮಾತ್ರೆ, ಮೂರು ಗಂಟೆಗೊಮ್ಮೆ ಪಂಪು. ಪರಂಗಿಕಾಯಿ ಹಾಕಿದ ಮೀನಿನ ಸಾರು, ಮೆಂತ್ಯದ ನೀರು. ಅವಳ ಬೆವರೆಲ್ಲ ಮೆಂತ್ಯ ನಾರತೊಡಗಿತು. ನನ್ನ ಅಂಗಡಿಯ ಹಿಂದೆ, ಹಿಟ್ಟಿನ ಮೂಟೆಗಳ ಮರೆಯಲ್ಲಿ ಕೂತು ಅವಳು ಪಂಪು ಹಿಂಡುತ್ತಿದ್ದಳು. ಅದರ ಕೀಚು ಸದ್ದು ಕೇಳಿ ಬಸ್ಸಿಗೆ ಕಾಯುವವರು ತಿರುಗಿ ನೋಡುತ್ತಿದ್ದರು. ಮೊದಲ ತಿಂಗಳು ಏನೂ ಬರಲಿಲ್ಲ. ಎರಡನೆಯ ತಿಂಗಳು ಒಂದು ದಿನ ಬೆರಳ ತುದಿ ಮುಂದೆ ಹಿಡಿದುಕೊಂಡು ಬಂದಳು. ಅಂಟಂಟಾದ ಹಳದಿ ಹನಿಯೊಂದು ಅದರ ಮೇಲಿತ್ತು. ಸುಳ್ಳೇಕೆ ಹೇಳಲಿ, ನನಗೂ ಆಗ ಅಸಹ್ಯವೇ ಆಯಿತು. ಮುಖ ತಿರುಗಿಸಿ ಮೀನಿನ ನೀರು ಚೆಲ್ಲಲು ಹೋದೆ. ಅವಳದನ್ನು ಗಮನಿಸಿದಳು, ಏನೂ ಅನ್ನಲಿಲ್ಲ.

ರುಸ್ದಿಯ ಅಕ್ಕನಿಗೆ ಮಾತ್ರ ಅನ್ನದೆ ಇರಲು ಬರುವುದಿಲ್ಲ. ಮನೆಯ ಹಿರಿಯವಳೆಂದು ಊರೆಲ್ಲ ಅವಳನ್ನು ಕಾಕ್ ಲಾಂಗ್ ಅನ್ನುತ್ತದೆ, ಮಕ್ಕಳು ಮಾಕ್ ಲಾಂಗ್ ಅನ್ನುತ್ತಾರೆ. ತನ್ನ ಎರಡನೆಯ ಮಗನನ್ನೇ ತಮ್ಮ ಸಾಕಿಕೊಳ್ಳಲಿ ಎಂಬ ಆಸೆ ಅವಳಿಗಿತ್ತು. ಹೆತ್ತ ತಾಯಿ ಪಕ್ಕದ ಬೀದಿಯಲ್ಲೇ ಇರುವಾಗ ಅದು ಬೇಡ ಎಂದಿದ್ದ ರುಸ್ದಿ. ಆ ಸಿಟ್ಟೆಲ್ಲ ಸಲ್ಬಿಯಾಳ ಮೇಲೆ. ನನ್ನ ಅಂಗಡಿಯೆದುರು ನಾಲ್ಕು ಜನ ಗಿರಾಕಿಗಳು ನಿಂತಿರುವಾಗ, ಬಿಸಿ ಕೆರೊಪೊಕ್ ಊದುತ್ತಾ ಹೇಳಿದಳು: "ಕರು ಹಾಕದ ಹಸು ಹಾಲು ಕೊಡೋಕೆ ಕೂತಿದೆಯಂತೆ ನಮ್ಮ ತಮ್ಮನ ಮನೇಲಿ." ಗಿರಾಕಿಗಳು ನಕ್ಕರು. ಮೂಟೆಗಳ ಹಿಂದೆ ಪಂಪಿನ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಕೂಸು ಸಿಗುತ್ತದೆಂದು ಕಾದಿದ್ದರೆ ಜನವರಿಯಲ್ಲಿ ಸಿಕ್ಕಿದ್ದು ಹತ್ತೊಂಬತ್ತು ತಿಂಗಳ ಹುಡುಗ. ಹೆಸರು ಹಾರಿತ್. ಬಾಟಲಿಯಲ್ಲಿ ಸಕ್ಕರೆ ಚಹಾ ಕುಡಿದು ಮುಂದಿನ ಹಲ್ಲು ಕಪ್ಪಾಗಿತ್ತು. ಎದೆಗೆ ಹಿಡಿದರೆ ಕಚ್ಚುತ್ತಿದ್ದ. ರಕ್ತ ಬರುತ್ತಿತ್ತು, ಅದು ಕೀವಾಗುತ್ತಿತ್ತು, ಸಲ್ಬಿಯಾ ಔಷಧಿ ಹಚ್ಚಿ, ತಲೆವಸ್ತ್ರದ ತುದಿ ಹಲ್ಲಲ್ಲಿ ಕಚ್ಚಿಕೊಂಡು ಮತ್ತೆ ಹಿಡಿಯುತ್ತಿದ್ದಳು. ಸಾಕು ಮಾರಾಯ್ತಿ, ಬಟ್ಟಲಲ್ಲಿ ಹಿಂಡಿ ಕುಡಿಸು ಅಂದೆ. ಬಟ್ಟಲ ತಳವೂ ಮುಚ್ಚುವುದಿಲ್ಲ, ಅವನು ಚೀಪಿದರೆ ಮಾತ್ರ ಹಾಲು ಹೆಚ್ಚುತ್ತದೆ ಅಂದಳು. ಮಾರ್ಚಿನ ಹೊತ್ತಿಗೆ ಹುಡುಗ ಕಚ್ಚುವುದನ್ನು ಬಿಟ್ಟ. ಆಮೇಲೆ ಅವಳ ಅಂಗಿಯ ಗುಂಡಿ ಹುಡುಕಿಕೊಂಡು ತಾನೇ ಬರತೊಡಗಿದ.

ನಾಳೆ ಯಾರೂ ಕೊಂಕು ತೆಗೆಯದಿರಲಿ, ನೋಡಿದವರೊಬ್ಬರು ಇರಲಿ ಎಂದು ಮಸೀದಿಯ ಉಸ್ತಾದ್ ಲುತ್ಫಿ ಹೇಳಿದ್ದರು. ಆ ಸಾಕ್ಷಿ ನಾನೇ. ಏಪ್ರಿಲಿನಲ್ಲಿ ಮೊದಲ ಸಲ ಹುಡುಗ ಹೊಟ್ಟೆ ತುಂಬ ಕುಡಿದು, ತಾನಾಗಿ ಬಾಯಿ ಬಿಟ್ಟು, ತೇಗಿ ನಿದ್ದೆಹೋದ. ನಾನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದೆ. ಮೇ ಹತ್ತರ ಹೊತ್ತಿಗೆ ನಾಲ್ಕು ಸುತ್ತು ಬಿದ್ದವು, ಒಂದೇ ಬಾಕಿ. ಅಷ್ಟರಲ್ಲಿ ಊರಿನ ಮಕ್ಕಳಿಗೆಲ್ಲ ಬಾಯಿಹುಣ್ಣಿನ ಜ್ವರ ಬಂತು. ಹಾರಿತ್ ನೀರು ಕಂಡರೂ ಅಳುತ್ತಿದ್ದ. ಹೇಗಾದರೂ ಐದನೆಯದನ್ನು ಮುಗಿಸಿಬಿಡೋಣ, ಸ್ವಲ್ಪ ಸ್ವಲ್ಪ ಕುಡಿಸಿ ನೋಡುತ್ತೇನೆ ಅಂದಳು ಸಲ್ಬಿಯಾ. ತಡೆದವಳು ನಾನು.

"ಅವನ ಹುಟ್ಟಿದಬ್ಬ ಜೂನ್ ಹನ್ನೆರಡಕ್ಕೆ. ಬೇಕಾದಷ್ಟು ದಿನ ಇದೆ. ಮಗು ಬಾಯಿಹುಣ್ಣು ಆರ್ಲಿ ಬಿಡು."

ಜೂನ್ ಎರಡರಂದು ಅವನು ಐದನೆಯ ಸಲ ಹೊಟ್ಟೆ ತುಂಬ ಕುಡಿದ. ಸಲ್ಬಿಯಾ ಅತ್ತಳು, ರುಸ್ದಿ ಅತ್ತ, ನಾನೂ ಅತ್ತೆ. ಶುಕ್ರವಾರ ಊಟ ಹಾಕಿಸಿದರು. ಅರಿಶಿನದ ಅಂಟಕ್ಕಿ ಅನ್ನ, ತೆಂಗಿನ ಹಾಲಲ್ಲಿ ಬೇಯಿಸಿದ ಕೋಳಿ ರೆಂದಾಂಗ್. ಕಾಕ್ ಲಾಂಗ್ ಎಲ್ಲರಿಗಿಂತ ಮೊದಲು ಬಂದಳು. ಮಗುವಿನ ತಲೆ ಸವರಿದಳು. ಎರಡು ತಟ್ಟೆ ಅನ್ನ ತಿಂದಳು, ಕೋಳಿಯ ಮೂಳೆ ಒಡೆದು ಒಳಗಿನದನ್ನೂ ಹೀರಿದಳು. ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಕಡ್ಡಿ ತಗೊಂಡು ಹಲ್ಲು ಕೆದಕುತ್ತಾ, ಹುಡುಗ ಹುಟ್ಟಿದ್ದು ಯಾವತ್ತು ಅಂತ ಸಲ್ಬಿಯಾಳನ್ನು ಕೇಳಿದಳು. ಜೂನ್ ಹನ್ನೆರಡು ಅಂದಳು ಇವಳು.

"ಅದು ಇಂಗ್ಲಿಷ್ ತಿಂಗಳು. ನಾವು ಉಪವಾಸ ಹಿಡಿಯೋದು ಯಾವ ಲೆಕ್ಕದಲ್ಲಿ? ಚಂದ್ರನ ಲೆಕ್ಕ ತಾನೆ? ಹಾಲಿಗೂ ಅದೇ ಲೆಕ್ಕ. ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಮೇ ಇಪ್ಪತ್ತೊಂದಕ್ಕೇ ಅವನಿಗೆ ಎರಡು ತುಂಬ್ತು." ಕಡ್ಡಿಯ ತುದಿ ನೋಡಿಕೊಂಡು ಮುಗಿಸಿದಳು: "ನೀನು ಕೊಟ್ಟಿದ್ದು ನಾಲ್ಕೇ ಸಲ. ಐದನೇದು ಬರೀ ಊಟ."

ಇದು ನಿನಗೆ ಯಾವಾಗ ಗೊತ್ತಾಯಿತು ಅಂತ ನಾನು ಕೇಳಿದೆ.

"ಮಗು ಬಂದ ವಾರಾನೇ ಲೆಕ್ಕ ಹಾಕಿದ್ದೆ. ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಐದು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಸಲ್ಬಿಯಾಳ ಎದೆಯ ಹುಣ್ಣಿಗೆ ಅರಿಶಿನ ಹಚ್ಚು ಅಂತ ಉಪದೇಶ ಮಾಡಿದ್ದಳು. ಬಾಯಿಹುಣ್ಣಿನ ಜ್ವರದಲ್ಲಿ ಬಂದು, ಪಾಪ ಅಂತ ಮಗುವನ್ನು ಎತ್ತಿಕೊಂಡಿದ್ದಳು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಅಂದು ಹೊರಡುವಾಗ ಮನೆಯವರಿಗೆಂದು ರೆಂದಾಂಗ್ ಕಟ್ಟಿಸಿಕೊಂಡೇ ಹೋದಳು. ನಾನು ಬಾವಿಕಟ್ಟೆಗೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿದೆ.

ಆದರೆ ಅಂಗಡಿಗೆ ಬಂದು ನೋಡಿದರೆ ಕ್ಯಾಲೆಂಡರಿನಲ್ಲಿ ಎರಡೂ ಲೆಕ್ಕವಿತ್ತು. ದೊಡ್ಡ ಅಂಕಿಯ ಕೆಳಗೆ, ಮೂಲೆಯಲ್ಲಿ, ಚಂದ್ರನ ತಾರೀಕು ಚಿಕ್ಕದಾಗಿ ಅಚ್ಚಾಗಿತ್ತು. ಉಪವಾಸಕ್ಕೆ, ಹಬ್ಬಕ್ಕೆ, ಗಂಡನ ತಿಥಿಗೆ ಪ್ರತಿವರ್ಷ ನಾನು ನೋಡುವುದು ಅದನ್ನೇ. ಹಾಲಿಗೆ ಮಾತ್ರ ದೊಡ್ಡ ಅಂಕಿ ನೋಡಿದೆ, ಏಕೆಂದರೆ ಹುಡುಗನ ಕಾಗದದಲ್ಲಿ ಅದೇ ಬರೆದಿತ್ತು. ಬಾಯಿಹುಣ್ಣು ಆರ್ಲಿ ಬಿಡು ಅಂದ ನಾಲಗೆ ನನ್ನದು. ಮೊದಲೇ ಹೇಳಿದೆನಲ್ಲ, ನಾರುವವರು ಇಬ್ಬರು ಎಂದು.

ಉಸ್ತಾದ್ ಲುತ್ಫಿ ಎರಡು ಸಲ ಲೆಕ್ಕ ಹಾಕಿದರು. ತಾರೀಕು ಕೇಳಿಕೊಳ್ಳದಿದ್ದದ್ದು ತಮ್ಮ ತಪ್ಪೂ ಹೌದು ಅಂದರು, ಮುಖ ಎತ್ತಲಿಲ್ಲ. ಬೇರೆ ಪಂಥದವರು ಎರಡೂವರೆ ವರ್ಷದವರೆಗೆ ಒಪ್ಪುತ್ತಾರೆ, ನಮ್ಮದರಲ್ಲಿ ಎರಡೇ ಅಂದರು. ರುಸ್ದಿ ಆ ಎರಡೂವರೆಯನ್ನು ಹಿಡಿದುಕೊಂಡ. ಸಲ್ಬಿಯಾ ಬೇಡವೆಂದಳು. ಬೇಕಾದಾಗ ಒಂದು ಬಾಗಿಲು, ಬೇಡವಾದಾಗ ಇನ್ನೊಂದು ಬಾಗಿಲು ಅಂತ ಹುಡುಕಿಕೊಂಡು ಹೋಗುವವಳಲ್ಲ ಅವಳು. ಮಾರನೆಯ ದಿನ ಅವಳನ್ನು ಮೂಟೆಗಳ ಹಿಂದೆ ಕೂರಿಸಿ ನಾನೊಂದು ದಾರಿ ಹೇಳಿದೆ. ಸಾಕ್ಷಿ ನಾನೊಬ್ಬಳೇ, ಇನ್ನೊಂದು ಸಲ ಮೇ ಹದಿನೆಂಟಕ್ಕೆ ಕುಡಿದಿದ್ದ, ಸುತ್ತು ಹಾಕಲು ಮರೆತೆ ಅಂತ ಹೇಳುತ್ತೇನೆ, ಯಾರು ಕೇಳುತ್ತಾರೆ ಅಂದೆ.

"ನೀವು ಹೇಳ್ತೀರಿ, ಊರು ನಂಬುತ್ತೆ ಮಾಕ್ ಸು. ನಾನು ನಂಬಬೇಕಲ್ಲ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಲು ಮಾತ್ರ ನಿಲ್ಲಲಿಲ್ಲ. ಆಮೇಲೂ ಒಂದು ವರ್ಷ ಹುಡುಗ ಕುಡಿದ, ಯಾವ ಲೆಕ್ಕಕ್ಕೂ ಸೇರದ ಹಾಲನ್ನು. ಮುಂಚೆ ಬೆರಳ ಮೇಲೆ ಕೂರುತ್ತಿದ್ದದ್ದು ಈಗ ಅಂಗಿ ನೆನೆದು ಹಿಟ್ಟಿನ ಮೇಜಿಗೆ ಸೋರುತ್ತಿತ್ತು.

ಹಾರಿತ್ ಬೆಳೆದ. ಎಲ್ಲ ಮಕ್ಕಳ ಹಾಗೆ ಕೊಳೆ, ಗಲಾಟೆ, ಅಮ್ಮನ ಸೆರಗು. ಏಳನೆಯ ವರ್ಷಕ್ಕೆ ಸಲ್ಬಿಯಾ ತಾನೇ ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು, ಮುಂದೊಂದು ದಿನ ತಾನು ದೂರ ನಿಲ್ಲಬೇಕಾಗುತ್ತದೆ ಅಂತಲೂ ಹೇಳಿದಳು. ಅವನು ಕೇಳಿಸಿಕೊಂಡು ಆಡಲು ಹೋದ. ಹದಿಮೂರಕ್ಕೆ ಅವನ ಗಂಟಲು ಒಡೆಯಿತು. ಅಂದಿನಿಂದ ಅವಳು ಮನೆಯೊಳಗೂ ತಲೆ ಮುಚ್ಚಿದಳು. ಒಲೆಯ ಮುಂದೆ, ಬೆವರಿನಲ್ಲಿ, ಬಚ್ಚಲಿನಿಂದ ಕೋಣೆಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ ಕೂಡ. ಜ್ವರದಲ್ಲಿ ಅವನ ಹಣೆ ಮುಟ್ಟಿ ನೋಡಲು ರುಸ್ದಿಯನ್ನು ಕರೆಯುತ್ತಿದ್ದಳು. ಒಮ್ಮೊಮ್ಮೆ ಅವಳ ಹಟದ ಮೇಲೆಯೇ ನನಗೆ ಅಸಹ್ಯ ಹುಟ್ಟುತ್ತಿತ್ತು, ಆಮೇಲೆ ಅದು ತಿರುಗಿ ನನ್ನ ಮೇಲೇ ಬೀಳುತ್ತಿತ್ತು.

ಆ ವರ್ಷದ ಹರಿರಾಯ, ಅಂದರೆ ಉಪವಾಸ ಮುಗಿದ ಹಬ್ಬದ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ನಮಾಜು ಮುಗಿಸಿ ಬಂದ ಮಕ್ಕಳು ದೊಡ್ಡವರ ಕೈ ಹಿಡಿದು ಮುತ್ತಿಟ್ಟು, ತಪ್ಪಿದ್ದರೆ ಕ್ಷಮಿಸಿ ಅಂತ ಕೇಳುವ ದಿನ. ಕಾಕ್ ಲಾಂಗ್ ಸೋಫಾದ ನಡುವೆ ಕೂತು, ಅನಾನಸ್ ಬಿಸ್ಕತ್ತಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸಲ್ಬಿಯಾ ಏನು ಮಾಡುತ್ತಾಳೆಂದು ನೋಡುತ್ತಿದ್ದಳು. ಅದನ್ನು ನೋಡಲೆಂದೇ ಅವಳು ಬೇಗ ಬಂದಿದ್ದಳು, ನನಗೆ ಗೊತ್ತು.

ಹಾರಿತ್ ಅಪ್ಪನ ಕೈಗೆ ಮುತ್ತಿಟ್ಟ. ನನ್ನ ಮುಂದೆ ಬಾಗಿ ಎದೆಗೆ ಕೈ ಇಟ್ಟುಕೊಂಡ. ಆಮೇಲೆ ಅಮ್ಮನ ಮುಂದೆ ಮಂಡಿಯೂರಿದ. ಸಲ್ಬಿಯಾ ಶಾಲಿನ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಮುಂದೆ ಚಾಚಿದಳು. ಹುಡುಗ ಆ ಬಟ್ಟೆಯನ್ನು ಮುಟ್ಟಲೂ ಇಲ್ಲ, ಕೈಯ ಮೇಲಿನ ಗಾಳಿಗೆ ಮುತ್ತಿಟ್ಟಂತೆ ಬಾಗಿ, ಅಲ್ಲೇ ಸ್ವಲ್ಪ ಹೊತ್ತು ತಲೆ ಇಳಿಸಿಕೊಂಡಿದ್ದ.

"ನನ್ನ ಹತ್ರಾನೂ ಬಾರೋ," ಅಂತ ಕಾಕ್ ಲಾಂಗ್ ಕರೆದಳು. ಅವನು ಚಿಕ್ಕವನಿದ್ದಾಗ ಚಾಚುತ್ತಿದ್ದಂತೆಯೇ ಬಿಸ್ಕತ್ತಿನ ಪುಡಿ ಮೆತ್ತಿದ ಬರಿಗೈಯನ್ನು ಚಾಚಿದಳು.

ಹಾರಿತ್ ಎದ್ದು ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಮ್ಮನ ಕೈಯೇ ನಂಗೆ ಮುಟ್ಟೋ ಹಾಗಿಲ್ಲ, ಮಾಕ್ ಲಾಂಗ್. ನಿಮ್ದು ಹೇಗೆ ಮುಟ್ಟಲಿ?"

ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನಗೆ ಹೊಟ್ಟೆ ತುಂಬ ನಗು ಬಂತು, ನಕ್ಕೂಬಿಟ್ಟೆ. ಆಮೇಲೆ ಸಲ್ಬಿಯಾಳ ಕಡೆ ತಿರುಗಿದೆ. ಅವಳು ಕೈಗೆ ಸುತ್ತಿದ್ದ ಶಾಲನ್ನು ಬಿಚ್ಚಿ, ಅವನು ಬಾಗಿದ್ದ ಜಾಗವನ್ನು ತುಟಿಗೆ ಒತ್ತಿಕೊಂಡು, ಯಾರಿಗೂ ಕಾಣದಂತೆ ಗೋಡೆಯ ಕಡೆ ಮುಖ ಮಾಡಿದ್ದಳು.