ಬರಿಗೈಲಿ ಬನ್ನಿ ಎಂದವರ ಮನೆಯ ಊಟ

ಯಾರಾದರೂ ಊಟಕ್ಕೆ ಕರೆದರೆ ಅಡುಗೆ ಏನಿರಬಹುದು ಎಂದು ನಾನು ಯೋಚಿಸುವುದಿಲ್ಲ. ಯಾಕೆ ಕರೆದರು ಎಂದು ಯೋಚಿಸುತ್ತೇನೆ. ಮಕ್ಕಳು ಇದಕ್ಕೆ ನನ್ನನ್ನು ಆಡಿಕೊಂಡು ನಗುತ್ತಾರೆ. ನಗಲಿ. ಈ ಬುದ್ಧಿ ನನಗೆ ತವರಿನಿಂದ ಬಂದದ್ದಲ್ಲ, ಅತ್ತೆ ಕಲಿಸಿದ್ದು.

ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ, ಸಾಗರಕ್ಕೂ ಹೊಸನಗರಕ್ಕೂ ನಡುವಿನ ಆ ಊರಿಗೆ ನಾನು ಬಂದು ಆಗ ಎರಡು ವರ್ಷ. ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು. ನಮ್ಮದು ಗೇಣಿ ಒಕ್ಕಲು. ಉಳುವವರು ನಾವು, ಗದ್ದೆ ಒಡೆಯರದು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಿತ್ತು, ಗೇಣಿದಾರರೆಲ್ಲ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಎಂದು ತಾಲ್ಲೂಕು ಕಚೇರಿಗೆ ಡಿಕ್ಲರೇಷನ್ ಅರ್ಜಿ ಕೊಡುತ್ತಿದ್ದರು. ಏಳನೇ ಕ್ಲಾಸು ಓದಿದವಳು ಅಂತ ನಮ್ಮ ಮನೆಯದನ್ನು ನನ್ನ ಕೈಲೇ ಬರೆಸಿದರು. ಬೇಲಿಯಾಚೆ ಮನೆಯ ಅಕ್ಕನದ್ದನ್ನೂ ನಾನೇ ಬರೆದೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ಕರೆಯುವ ರೂಢಿ ಹಾಗೆ. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಅದೇ ಒಡೆಯರ ಗದ್ದೆಯನ್ನು ಒಬ್ಬಳೇ ಮಾಡುತ್ತಿದ್ದಳು. ಆ ಊರಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರ. ಅವಳ ಬಳಿಯೂ ನಮ್ಮ ಬಳಿಯೂ ಗೇಣಿ ಅಳೆದದ್ದಕ್ಕೆ ರಸೀದಿ ಎನ್ನುವುದು ಒಂದೂ ಇರಲಿಲ್ಲ. ಒಡೆಯರು ಯಾರಿಗೂ ಕೊಟ್ಟವರಲ್ಲ. ಕೇಳುವಷ್ಟು ಧೈರ್ಯ ಯಾರಿಗಿತ್ತು? ವಿಚಾರಣೆಯ ದಿನ ನಾವು ಗೇಣಿದಾರರು ಎಂದು ಸಾಬೀತು ಮಾಡದಿದ್ದರೆ ಗದ್ದೆ ಕೈಬಿಟ್ಟ ಹಾಗೇ.

ಹೀಗೆ ಕಾಯುತ್ತಿರುವಾಗ ಒಂದು ಬೆಳಿಗ್ಗೆ ಒಡೆಯರ ಮನೆಯ ಆಳು ಬಂದ. ಸೋಮವಾರ ಮಧ್ಯಾಹ್ನ ಒಕ್ಕಲುಗಳಿಗೆಲ್ಲ ಒಡೆಯರ ಮನೆಯಲ್ಲಿ ಊಟವಂತೆ, ಹೆಂಗಸರು ಮಕ್ಕಳು ಸಮೇತ ಬರಬೇಕಂತೆ. ಅಂಗಳದಲ್ಲಲ್ಲ, ಒಳಗೆ ಜಗಲಿಯ ಮೇಲೇ ಪಂಕ್ತಿಯಂತೆ. ಹೊರಟವನು ತಿರುಗಿ ನಿಂತು, "ಕಾಣಿಕೆ ಗೀಣಿಕೆ ಎಂತದೂ ತರಬ್ಯಾಡಿ ಅಂದಾರೆ. ಸುಮ್ನೆ ಕೈ ಬೀಸ್ಕಂಡು ಬನ್ನಿ" ಎಂದ.

ಮಾವನ ಮುಖ ಅರಳಿತು. "ನೋಡಿದ್ಯಾ, ಒಡೇರಿಗೆ ನಮ್ಮ ಮ್ಯಾಲೆ ಸಿಟ್ಟಿಲ್ಲ" ಎಂದು ಅತ್ತೆಗೆ ಹೇಳಿದರು. ಅರ್ಜಿ ಕೊಟ್ಟ ದಿನದಿಂದ ಆ ಮನುಷ್ಯನಿಗೆ ಒಡೆಯರ ಮುಖ ನೋಡಲು ನಾಚಿಕೆ. ತನ್ನ ಬೆವರಿನ ಗದ್ದೆ ಕೇಳಲು ಎಂಥ ನಾಚಿಕೆಯೋ, ನನಗಂತೂ ಮೈ ಉರಿಯುತ್ತಿತ್ತು.

ಅತ್ತೆ ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದರು.

"ಕೂಸೆ, ಒಕ್ಕಲು ಯಾವತ್ತಾದ್ರೂ ಒಡೇರ ಮನೀಗೆ ಬರಿಗೈಲಿ ಹೋಗದು ಕಂಡಿದ್ಯಾ?"

ನಾನು ಕಂಡಿರಲಿಲ್ಲ. ಹಬ್ಬವಿರಲಿ, ಮದುವೆಯಿರಲಿ, ಒಡೆಯರ ಮನೆಗೆ ಹೋಗುವ ಒಕ್ಕಲು ತಾನು ಬೆಳೆದದ್ದರಲ್ಲಿ ಒಂದಿಷ್ಟನ್ನು ಕಾಣಿಕೆ ಒಯ್ಯಬೇಕು. ಬಾಳೆಗೊನೆ, ಕುಂಬಳ, ಏನಾದರೂ ಸರಿ.

"ಬರಿಗೈಲಿ ಹೋಗಿ ಉಂಡು ಬರೋರು ಯಾರು?"

"ಕೂಲಿಯೋರು" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು.

"ಹಾಂ. ನಾಳೆ ಕಚೇರೀಲಿ ಇವ್ರೆಲ್ಲ ನನ್ನ ಕೂಲಿಯೋರು, ಸುಗ್ಗಿ ಮುಗೀತು ಅಂತ ಊಟ ಹಾಕಿದ್ದೆ, ಊರೇ ನೋಡ್ಯದೆ ಅಂದ್ರೆ ನೀ ಎಂತ ಹೇಳ್ತಿ?"

ಸಾಂಬಾರಿಗೆ ಹಾಕುವ ಸೌತೆಯನ್ನು ನಮ್ಮ ಕಡೆ ಮೊಗೆಕಾಯಿ ಎನ್ನುತ್ತೇವೆ; ಸೂರಿಗೆ ಬಾಳೆನಾರಲ್ಲಿ ಕಟ್ಟಿ ತೂಗಿಸಿದ್ದ ಮೊಗೆಕಾಯಿಗಳಲ್ಲಿ ದೊಡ್ಡವು ಎರಡನ್ನು ಅತ್ತೆ ಆಗಲೇ ಕಣ್ಣಲ್ಲಿ ಆರಿಸಿದ್ದರು. ಅಕ್ಕನಿಗೂ ಹೇಳಿ ಬರುತ್ತೇನೆ ಎಂದು ನಾನು ಎದ್ದೆ. ಅತ್ತೆ ಸೆರಗು ಹಿಡಿದು ಕೂರಿಸಿದರು.

"ಬಾಯಿ ಬಿಟ್ಟೀಯ, ಹುಷಾರು. ಅವ್ಳು ಒಡೇರ ಮನೀಗೆ ಅಕ್ಕಿ ಹಸನು ಮಾಡಕ್ಕೆ ಹೋಗ್ತಾಳೆ. ಯಾರ ಹೊಟ್ಟೇಲಿ ಎಂತ ಇರ್ತದೋ. ಅಲ್ಲಿಗೆ ಸುದ್ದಿ ಮುಟ್ಟಿದ್ರೆ ದಣಪೆ ಬಾಗ್ಲ ಹತ್ರಾನೇ ಆಳು ನಿಲ್ಸಿ ಇಸ್ಕಂಡು ಬಿಡ್ತಾರೆ."

ಅಕ್ಕ ಅಂಥವಳಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಆ ರಾತ್ರಿ, ಅವಳು ಅಲ್ಲಿಂದ ಆಗಾಗ ಮಜ್ಜಿಗೆ ತರುವುದು, ಒಡತಿಯನ್ನು ಹೊಗಳುವುದು ಎಲ್ಲ ನೆನಪಾಗತೊಡಗಿತು. ಸಂಶಯ ಒಮ್ಮೆ ತಲೆಗೆ ಹೊಕ್ಕಿತೆಂದರೆ ಮಜ್ಜಿಗೆಯೂ ಸಾಕ್ಷಿಯಾಗುತ್ತದೆ.

ಭಾನುವಾರ ಬಾವಿಕಟ್ಟೆಯಲ್ಲಿ ಅಕ್ಕ ತಾನಾಗಿ ಕೇಳಿದಳು. "ಅಲ್ಲಾ ತಂಗಿ, ಬರಿಗೈಲಿ ಹೋಗಕ್ಕೆ ಒಂಥರಾ ಆಗ್ತದೆ. ನಿಮ್ಮನೇಲಿ ಎಂತಾರೂ ತಗಂಡು ಹೋಗ್ತೀರಾ?"

"ಎಂತದೂ ಇಲ್ಲ. ಬ್ಯಾಡ ಅಂದಾರಲ್ಲ" ಎಂದೆ. ಕೊಡ ಎತ್ತಿಕೊಂಡು ಬೇಗ ಬೇಗ ಬಂದುಬಿಟ್ಟೆ.

ಸೋಮವಾರ ಅತ್ತೆ ಬೇಕೆಂದೇ ತಡಮಾಡಿ ಹೊರಟರು. ನಾವು ಹೋಗುವಷ್ಟರಲ್ಲಿ ಎಲ್ಲ ಒಕ್ಕಲುಗಳೂ ಸೇರಿದ್ದರು. ಪುರೋಹಿತರು, ಊರ ಪಟೇಲರು ಬಂದಿದ್ದರು. ಸಾಗರದವರು ಎಂದು ಹೇಳಿದ ಬಿಳಿ ಅಂಗಿಯ ಒಬ್ಬರು ಬೆಂಚಿನ ಮೇಲೆ ಕೂತು, ಸುಮ್ಮನೆ ಪರಿಚಯಕ್ಕೆ ಎನ್ನುತ್ತಾ ಒಬ್ಬೊಬ್ಬರ ಹೆಸರು ಕೇಳುತ್ತಿದ್ದರು. ಅತ್ತೆ ಅವರೆಲ್ಲರ ಎದುರಿಗೇ ನಡೆದುಹೋಗಿ ಎರಡು ಮೊಗೆಕಾಯಿಯನ್ನೂ ಒಡೆಯರ ಮುಂದೆ ಇಟ್ಟು ಕೈಮುಗಿದರು.

"ಇದೆಂತಕ್ಕೆ ತಂದೆ? ಬೇಡ ಅಂತ ಹೇಳಿ ಕಳಿಸಿದ್ನಲ್ಲ" ಎಂದರು ಒಡೆಯರು.

"ಗದ್ದೇಲಿ ಬೆಳದದ್ದು ಒಡೇರೆ. ಒಕ್ಕಲು ಬರಿಗೈಲಿ ಬಂದ್ರೆ ಚಂದಾಗಲ್ಲ" ಎಂದರು ಅತ್ತೆ, ಬಾಗಿಲಾಚೆಗೂ ಕೇಳುವ ಹಾಗೆ. ಒಡೆಯರು ನಕ್ಕರು. ನಗುವ ಮೊದಲು ಬಿಳಿ ಅಂಗಿಯವರ ಕಡೆ ಒಮ್ಮೆ ನೋಡಿದ್ದನ್ನು ನಾನು ಕಂಡೆ.

ಪಂಕ್ತಿಯಲ್ಲಿ ಅಕ್ಕ ನನ್ನ ಪಕ್ಕ ಕೂತಳು. "ಎಂತದೂ ಇಲ್ಲ ಅಂದಿದ್ಯಲ್ಲೇ" ಎಂದಳು ಮೆತ್ತಗೆ. ಅತ್ತೆ ಕಡೇ ಗಳಿಗೆಯಲ್ಲಿ ಎತ್ತಿಕೊಂಡರು ಎಂದು ಇನ್ನೊಂದು ಸುಳ್ಳು ಹೇಳಿದೆ. ಅವಳು ನಂಬಿದಳು. ಒಡೆಯರು ತಾವೇ ಬಂದು ಹೋಳಿಗೆಗೆ ತುಪ್ಪ ಬಡಿಸಿದರು, ಸಂಕೋಚ ಪಡಬೇಡಿ ಎಂದರು. ಅವರು ಉಪಚಾರ ಮಾಡಿದಷ್ಟೂ ಅತ್ತೆಯ ಹುಬ್ಬು ಗಂಟಾಗುತ್ತಿತ್ತು.

ಮೂರು ತಿಂಗಳ ಮೇಲೆ ವಿಚಾರಣೆ. ಆ ಬಿಳಿ ಅಂಗಿಯವರು ಒಡೆಯರ ಪರವಾಗಿ ಸಾಕ್ಷಿ ಹೇಳಲು ನಿಂತಿದ್ದರು. ಅತ್ತೆ ಹಿತ್ತಿಲಲ್ಲಿ ಹೇಳಿದ್ದನ್ನೇ, ಹೆಚ್ಚುಕಡಿಮೆ ಅದೇ ಮಾತಲ್ಲಿ ಅವರು ಹೇಳಿದರು. ಇವರೆಲ್ಲ ಕೂಲಿಯವರು, ಸುಗ್ಗಿ ಮುಗಿದದ್ದಕ್ಕೆ ಧಣಿಗಳು ಊಟ ಹಾಕಿದ್ದಾರೆ.

"ಕೂಲಿಯೋರು ಕಾಣಿಕೆ ತರ್ತಾರಾ ಸ್ವಾಮಿ? ನಾವು ಮೊಗೆಕಾಯಿ ಇಟ್ಟದ್ದು ನೋಡಿದ ಪುರೋಹಿತ್ರು ಇಲ್ಲೇ ಇದಾರೆ, ಕೇಳಿ" ಎಂದರು ಅತ್ತೆ. ಕೇಳಿದರು. ಸುಳ್ಳು ಹೇಳಲಾಗದ ಪುರೋಹಿತರು ಹೌದು ಎಂದರು. ಊರ ಪಟೇಲರೂ ಹೌದೆಂದರು. ನಮ್ಮದು ಆಯಿತು ಎಂದು ಅಲ್ಲಿಯೇ ಗೊತ್ತಾಯಿತು, ಆದೇಶ ಕೈಗೆ ಬರುವುದಷ್ಟೇ ಬಾಕಿ.

ಆಮೇಲೆ ಅಕ್ಕನನ್ನು ಕರೆದರು.

"ನೀನೂ ಊಟಕ್ಕೆ ಹೋಗಿದ್ದೆಯಾ?"

"ಹೌದು."

"ಏನು ಕಾಣಿಕೆ ಒಯ್ದಿದ್ದೆ?"

"ಎಂತದೂ ಇಲ್ಲ" ಎಂದಳು. ಎಲ್ಲಿ ನಿಂತು ಏನು ಹೇಳಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಗದ್ದೆ ಮಾಡುತ್ತಿದ್ದಳು ಎನ್ನುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಮಾವ ನೆಲ ನೋಡಿದರು. ಅತ್ತೆ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊಸರಿಕೊಳ್ಳುವುದು ದೊಡ್ಡ ಕೆಲಸವಾಗಿರಲಿಲ್ಲ. ನಾನು ಕೊಸರಿಕೊಳ್ಳಲಿಲ್ಲ. ಅಕ್ಕನ ಅರ್ಜಿ ವಜಾ ಆಯಿತು.

ಆ ವರ್ಷದ ನಾಟಿಗೆ ಅಕ್ಕ ನಮ್ಮ ಗದ್ದೆಗೆ ಕೂಲಿಗೆ ಬಂದಳು. ಬಾಗಿ ನೆಟ್ಟು ಹೋಗುವ ಆ ಬೆನ್ನನ್ನು ನೋಡಲಾರದೆ ನಾನು ಮನೆಗೆ ಬಂದು ಅಡುಗೆ ಮಾಡಿದೆ. ಮಧ್ಯಾಹ್ನ ಅವಳು ಕೈಕಾಲು ತೊಳೆದು, ಯಾರೂ ಹೇಳದೆ, ಎಲೆ ಹಿಡಿದು ಅಂಗಳದ ಮೂಲೆಯಲ್ಲಿ ಕೂತಳು.

"ಅಲ್ಲೆಂತಕ್ಕೆ ಕೂತಿ ಅಕ್ಕ? ಒಳಗೆ ಬಾ, ನನ್ನ ಜತೆ ಉಣ್ಣು" ಎಂದು ಕೈ ಹಿಡಿದೆ.

ಅವಳು ಸಿಟ್ಟು ಮಾಡಲಿಲ್ಲ. ಕೈ ಬಿಡಿಸಿಕೊಂಡು, "ಬ್ಯಾಡ ತಂಗಿ. ಯಾರಾದ್ರೂ ಒಳಗೆ ಕರ್ದು ಊಟ ಹಾಕ್ತೀನಿ ಅಂದ್ರೆ ನಂಗೀಗ ಹೆದ್ರಿಕೆ ಆಗ್ತದೆ" ಎಂದಳು.

ನಾನು ಅಲ್ಲೇ ಬಗ್ಗಿ ಅವಳ ಎಲೆಗೆ ಅನ್ನ ಬಡಿಸಿದೆ.