ಸೂರಿನ ಕಿಟಕಿಗಳ ಗವ್ರಿಲಣ್ಣ

ಜೂನ್ ತಿಂಗಳ ನಸುಕು. ಪ್ರುತ್ ನದಿಯ ಕಡೆಯಿಂದ ಬರುವ ಗಾಳಿಯಲ್ಲಿ ಇನ್ನೂ ಇಬ್ಬನಿಯ ತಂಪಿದೆ. ರೊಮೇನಿಯಾದ ಗಡಿಯಂಚಿನ ಸಣ್ಣ ವಿಮಾನ ನಿಲ್ದಾಣದ ಹಜಾರದಲ್ಲಿ ಗವ್ರಿಲ್ ಒಬ್ಬರೇ ನಿಂತು ಗೋಡೆಯ ಕಬ್ಬಿಣದ ಹಿಡಿಕೆ ತಿರುಗಿಸುತ್ತಿದ್ದಾರೆ. ಮೇಲೆ ಸೂರಿನಂಚಿನ ಕಿಟಕಿಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ನಿನ್ನೆಯ ಬಿಸಿ ಅಲ್ಲಿಂದ ಹೊರಗೆ, ಬಾಗಿಲಿನಿಂದ ತಂಪು ಒಳಗೆ. ಗವ್ರಿಲ್‌ರ ತಲೆಗೆ ಉಣ್ಣೆ ಟೋಪಿ, ಕಿವಿಗೆ ಹತ್ತಿ. ಬಾಗಿಲು ಕಿಟಕಿಗಳ ನಡುವೆ ಬೀಸುವ ಹಾಯುಗಾಳಿಯೆಂದರೆ ಊರಿನ ಎಲ್ಲರಂತೆ ಅವರಿಗೂ ಭಯವೇ.

ಹುಡುಗನಾಗಿದ್ದಾಗಿನಿಂದ ಇಲ್ಲಿ ರಿಪೇರಿ ಕೆಲಸ ಅವರದು. ಕಟ್ಟಡ ಕಟ್ಟಿದವರು ಇಟ್ಟ ಕಿಟಕಿಗಳಿವು. ಎಸಿ ಬಂದ ಮೇಲೆ ಯಾರೋ ಇವುಗಳ ಮೇಲೆ ದಪ್ಪಗೆ ಬಣ್ಣ ಬಳಿದರು, ಅಂಟಿಕೊಂಡವು. ಕರೆಂಟು ಉಳಿಸಬೇಕೆಂದು ಕಚೇರಿಯವರು ತಲೆ ಕೆಡಿಸಿಕೊಂಡಾಗ, ಬಣ್ಣ ಕೆರೆಯಲೇ ಎಂದು ಗವ್ರಿಲ್ ಕೇಳಿದರು. ಚಳಿಗಾಲವೆಲ್ಲ ಏಣಿ ಹತ್ತಿ ಚಾಕುವಿನಿಂದ ಕೆರೆದರು. ಈಗ ದಪ್ಪ ಗೋಡೆಗಳು ನಸುಕಿನ ತಂಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುಂಜಾನೆಯೇ ಗುಡುಗುತ್ತಿದ್ದ ಎಸಿ ಊಟದ ಹೊತ್ತಿನವರೆಗೆ ಸುಮ್ಮನಿರುತ್ತದೆ.

“ಅದೂ ಒಂದಿಷ್ಟು ನಿದ್ದೆ ಮಾಡ್ಲಿ ಬಿಡಿ” ಎನ್ನುತ್ತಾರೆ ಗವ್ರಿಲ್.

ಕಷ್ಟವಿರುವುದು ಜನರ ಹತ್ತಿರ. ತೆರೆದ ಬಾಗಿಲಿಗೂ ತೆರೆದ ಕಿಟಕಿಗೂ ನಡುವೆ ನಮ್ಮ ರೊಮೇನಿಯಾದಲ್ಲಿ ಯಾರೂ ಕೂರುವುದಿಲ್ಲ. ಹಲ್ಲುನೋವು, ಕಿವಿನೋವು, ಕುತ್ತಿಗೆ ಹಿಡಿಯುವುದು ಎಲ್ಲಕ್ಕೂ ಹಾಯುಗಾಳಿಯೇ ಕಾರಣವೆಂದು ಅಜ್ಜಿಯಂದಿರು ಕಲಿಸಿದ್ದಾರೆ. ಹಾಗಾಗಿ ಮೊದಲ ಪ್ರಯಾಣಿಕ ಬರುವುದರೊಳಗೆ ಎಲ್ಲ ಕಿಟಕಿ ಮುಚ್ಚಿರಬೇಕು. ಜುಲೈನಲ್ಲಿ ಒಂದು ದಿನ ಮೂರನೇ ಕೌಂಟರಿನ ಮೇಲಿನ ಕಿಟಕಿ ಮುಚ್ಚುವುದನ್ನು ಗವ್ರಿಲ್ ಮರೆತರು. ಅಲ್ಲಿ ಕೂತು ಟಿಕೆಟ್ ನೋಡುವ ಒರ್ತನ್ಸಾಗೆ ಕುತ್ತಿಗೆ ಹಿಡಿಯಿತು. ಆಕೆ ದೂರು ಹೇಳಲು ನೇರ ನಿಲ್ದಾಣದ ನಿರ್ದೇಶಕರ ಕೋಣೆಗೆ ಹೋದರು. ಸೋಮವಾರದೊಳಗೆ ಆಕೆಯನ್ನು ಒಪ್ಪಿಸು, ಇಲ್ಲವಾದರೆ ಬಣ್ಣದವನನ್ನು ಕರೆಸಿ ಕಿಟಕಿಗಳನ್ನು ಮತ್ತೆ ಅಂಟಿಸಿಬಿಡುತ್ತೇನೆ ಎಂದು ನಿರ್ದೇಶಕರು ಗವ್ರಿಲ್‌ಗೆ ಹೇಳಿದರು. ಆಗಸ್ಟಿನಲ್ಲಿ ಬೇಸಿಗೆ ಮುಗಿದರೆ ಗವ್ರಿಲ್‌ಗೆ ನಿವೃತ್ತಿ. ಈ ಕಿಟಕಿಗಳಷ್ಟೇ ತಾವು ಬಿಟ್ಟುಹೋಗುವುದೆಂದು ನಂಬಿದ್ದವರು ಅಂದು ಊಟ ಮುಟ್ಟಲಿಲ್ಲ.

ಮರುದಿನ ಏಣಿ ತಂದು, ಒರ್ತನ್ಸಾ ಕುರ್ಚಿಯ ಮೇಲಿದ್ದ ಎಸಿಯ ಬಾಯಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿ, ಯಂತ್ರ ಹಾಕಿದರು. ಪಟ್ಟಿ ಆಕೆಯ ಕುತ್ತಿಗೆಯತ್ತ ನೆಟ್ಟಗೆ ಚಾಚಿಕೊಂಡಿತು.

“ನೋಡಿ ಒರ್ತನ್ಸಮ್ಮ, ಇದು ದಿನಾ ಮಧ್ಯಾಹ್ನವೆಲ್ಲ ನಿಮ್ಮ ಕುತ್ತಿಗೆ ಮೇಲೇ ಬೀಸ್ತಿರುತ್ತೆ.”

“ಅದು ಯಂತ್ರದ ಗಾಳಿ, ಗವ್ರಿಲಣ್ಣ. ಅದ್ರಿಂದ ಏನೂ ಆಗಲ್ಲ.”

“ಅಂದ್ರೆ ನಿಮ್ಮ ಕುತ್ತಿಗೆಗೆ ನನ್ನ ಕಿಟಕಿ ಮೇಲಷ್ಟೇ ಸಿಟ್ಟೋ?”

ಆಕೆ ಪಟ್ಟಿಯತ್ತ ಕಣ್ಣು ಹಾಯಿಸಿ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. “ನಾಳೆ ಎಷ್ಟೊತ್ತಿಗೆ ಬರ್ತೀರಿ? ಮುಚ್ಚೋವಾಗ ನಾನೇ ನಿಂತು ನೋಡ್ತೀನಿ. ನಿಮ್ಮನ್ನ ನಂಬೋಕಾಗಲ್ಲ.”

ಒರ್ತನ್ಸಾ ಹೇಳಿದಂತೆಯೇ ಬಂದರು. ಮೊದಲು ಕಾವಲು ನಿಂತರು, ಆಮೇಲೆ ಹಿಡಿಕೆಗೇ ಕೈ ಹಾಕಿದರು. ಇಷ್ಟು ಬೇಗ ತನ್ನನ್ನು ಎಬ್ಬಿಸುವ ಧೈರ್ಯ ಗಂಡನಿಗೂ ಇರಲಿಲ್ಲವೆಂದು ಗೊಣಗುತ್ತಲೇ ತಿರುಗಿಸಿದರು. ನಿರ್ದೇಶಕರ ಹತ್ತಿರ ಹೋಗಿ, ಕುತ್ತಿಗೆ ಪರವಾಗಿಲ್ಲ, ಬಣ್ಣದವನು ಬೇಡ ಎಂದೂ ತಾವೇ ಹೇಳಿ ಬಂದರು.

ಗವ್ರಿಲ್‌ಗೆ ಇನ್ನೇನು ಬೇಕೆಂದು ಕೇಳಿದರೆ, ತಾವು ಹೋದ ಮೇಲೆ ಮಳೆ ಬಂದಾಗ ಯಾರಾದರೂ ಓಡಿಹೋಗಿ ಮುಚ್ಚಿದರೆ ಸಾಕು ಎನ್ನುತ್ತಾರೆ.

ಕೆಲಸದ ಕೊನೆಯ ದಿನವೂ ನಸುಕಿಗೇ ಬಂದು ಹಿಡಿಕೆಗೆ ಕೈ ಚಾಚಿದರು. ಒರ್ತನ್ಸಾ ಆಗಲೇ ಅದನ್ನು ಹಿಡಿದು ನಿಂತಿದ್ದರು, ಬಿಡಲಿಲ್ಲ.

“ಹೋಗಿ ಕಾಫಿ ಕುಡೀರಿ ಗವ್ರಿಲಣ್ಣ. ಇನ್ಮೇಲೆ ಇದು ನನ್ನ ಕೆಲಸ.”

ಅವರು ಕಾಫಿ ಕುಡಿದು, ತೆರೆದ ಕಿಟಕಿಗಳನ್ನೊಮ್ಮೆ ಕೆಳಗಿನಿಂದ ನೋಡಿ, ಊರಿನ ಬಸ್ಸು ಹತ್ತಿದರು. ಅಂದು ಆಗಸ್ಟ್ ತಿಂಗಳ ಕೊನೆಯ ಶುಕ್ರವಾರ.