ಅವ್ವನ ಸೆರಗಿನಲ್ಲಿ ಫ್ಯೂಜು

ಗೆಳೆಯರೇ, ಇವತ್ತು ಅವ್ವ ನಮ್ಮ ಮನೆಯ ಫ್ಯೂಜು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು.

ದೀಪಾವಳಿಗೆಂದು ಹೊರಗೋಡೆಗೆ ಲೈಟಿನ ಸರ ಕಟ್ಟುತ್ತಿದ್ದೆ. ಕರೆಂಟು ಹೋಯಿತು. ತುಂಡಾಗಿದ್ದ ವೈರು ಜೋಡಿಸಲು ಇದೇ ಒಳ್ಳೆಯ ಹೊತ್ತೆಂದು ಏಣಿ ಹತ್ತಿದೆ. ತಿರುಗಿ ನೋಡಿದರೆ ಅವ್ವ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ನಿಂತಿದ್ದಾಳೆ, ಈ ಎಪ್ಪತ್ತೆಂಟರ ವಯಸ್ಸಿನಲ್ಲಿ!

"ಕರೆಂಟಽ ಇಲ್ಲಲ್ಲ ಬೇ ಅವ್ವಾ, ಫ್ಯೂಜ್ ಯಾಕ ಕಿತ್ತಿ?" ಎಂದು ರೇಗಿದೆ.

"ನಿಮ್ಮಣ್ಣನೂ ಹಿಂಗ ಅಂದಿದ್ದ."



ತೊಂಬತ್ತರ ದಶಕದ ಆರಂಭ, ನಾನಾಗ ಒಂಬತ್ತನೇ ಇಯತ್ತೆ ಓದುತ್ತಿದ್ದೆ. ಅಥಣಿ ಕಡೆಯ ನಮ್ಮೂರಲ್ಲಿ ಮಧ್ಯಾಹ್ನ ಹೋದ ಕರೆಂಟು ಸಂಜೆ ಆರರ ಮೇಲೆಯೇ ಬರುತ್ತಿತ್ತು. ಅದನ್ನೇ ನಂಬಿಕೊಂಡು ಎಲ್ಲರೂ ವೈರಿಗೆ ಕೈ ಹಾಕುತ್ತಿದ್ದರು. ಹಬ್ಬದ ದಿನ ಅಣ್ಣ ಅಂಗಳದಲ್ಲಿ ಆಕಾಶಬುಟ್ಟಿಯ ಬಲ್ಬಿಗೆ ವೈರು ಜೋಡಿಸುತ್ತಿದ್ದ. ಅಂಗಳ ಸಾರಿಸಿ ಇನ್ನೂ ಹಸಿಯಾಗಿತ್ತು.

"ಫ್ಯೂಜ್ ಕೀಳ್ಲೇನೋ?" ಎಂದು ಅವ್ವ ಕೇಳಿದಳು.

"ಆರರ ತನಕಾ ಬರಂಗಿಲ್ಲ, ಬಿಡ ಬೇ," ಅಂದ ಅಣ್ಣ.

ಐದೂವರೆಗೇ ಬಂತು. ಅಣ್ಣ ಮತ್ತೆ ಏಳಲಿಲ್ಲ.

"ಅವತ್ತ ಅವನ್ನ ಕೇಳಿದ್ನಿ," ಅಂದಳು ಅವ್ವ ಇವತ್ತು, ಗಂಟು ಬಿಗಿಮಾಡುತ್ತ. "ಇನ್ನ ಯಾರನ್ನೂ ಕೇಳಂಗಿಲ್ಲ."

ನಾನು ವೈರು ಜೋಡಿಸಿ, ಟೇಪು ಸುತ್ತಿ, ಏಣಿ ಇಳಿದು ನೆಲದ ಮೇಲೆ ನಿಂತ ನಂತರವೇ ಅವಳು ಗಂಟು ಬಿಚ್ಚಿದ್ದು. ಕರೆಂಟು ಅದಾಗಿ ಎಷ್ಟೋ ಹೊತ್ತಿಗೆ, ತಡವಾಗಿಯೇ ಬಂತು. ಆ ಒಂದು ದಿನ ಬಿಟ್ಟರೆ ನಮ್ಮೂರಿಗೆ ಅದು ಹೊತ್ತಿಗೆ ಮೊದಲು ಬಂದದ್ದೇ ಇಲ್ಲ ನೋಡಿ.